ಮೀಟಿಂಗ್ ನುಂಗಿದ ಹೊತ್ತು

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಬೆಂಗಳೂರಿನ ಐ.ಟಿ. ಕಂಪನಿಗಳ ಮುಂದಿದ್ದ ಚಿಂತೆ ಒಂದೇ: ಎಲ್ಲರ ಕೈಗೂ ಲ್ಯಾಪ್‌ಟಾಪ್ ಸೇರಿತೇ, ಇಲ್ಲವೇ. ಪಿ.ಜಿ.ಗಳು ಖಾಲಿಯಾದವು. ನಾನೂ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದೆ. ಅಲ್ಲಿ ಜಗಲಿಯ ಮೂಲೆಯಲ್ಲಿ ಮಾತ್ರ ಸಿಗ್ನಲ್ ಎರಡು ಕಡ್ಡಿ. ಮಳೆ ಹಿಡಿದರೆ ಅದೂ ಇಲ್ಲ, ಕರೆಂಟೂ ಇಲ್ಲ. ಇನ್‌ವರ್ಟರ್ ಕೂಗಿಕೊಳ್ಳುವ ಮುಂಚೆ ಕೋಡ್ ಪುಶ್ ಮಾಡಬೇಕು.

ಆದರೂ ಕೆಲಸ ನಿಲ್ಲಲಿಲ್ಲ. ಕ್ಲೈಂಟ್ ಮೆಚ್ಚಿಕೊಂಡರು, ರಿಲೀಸುಗಳು ಹೊತ್ತಿಗೆ ಸರಿಯಾಗಿ ಹೋದವು. ಮನೆಯಿಂದಲೇ ಉತ್ಪಾದಕತೆ ಹೆಚ್ಚು ಎಂದು ಎಲ್ಲೆಡೆ ಮಾತು. ರಾತ್ರಿ ಹತ್ತಕ್ಕೂ ಲ್ಯಾಪ್‌ಟಾಪ್ ಮುಚ್ಚದವರಿಗೆ ಮಾತ್ರ ಆ ಲೆಕ್ಕದ ಇನ್ನೊಂದು ಮಗ್ಗುಲು ಗೊತ್ತಿತ್ತು.

ಆಫೀಸಿನಲ್ಲಿ ಕುರ್ಚಿ ತಿರುಗಿಸಿ "ಈ ಎರರ್ ಯಾಕೆ ಬರ್ತಿದೆ ನೋಡು ಮಾರಾಯ" ಅಂದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಅದೇ ಪ್ರಶ್ನೆ ಅರ್ಧ ಗಂಟೆಯ ಮೀಟಿಂಗ್ ಆಯಿತು. ಅಂಥವು ದಿನಕ್ಕೆ ಆರೇಳು. ನಡುವೆ ಉಳಿಯುವ ಹದಿನೈದಿಪ್ಪತ್ತು ನಿಮಿಷದಲ್ಲಿ ಹಳೆಯ ಕೋಡಿನ ಸಿಕ್ಕು ಬಿಡಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ರಾತ್ರಿಯೇ ಗತಿ.

ಮೈಕೆಲ್ ಗಿಬ್ಸ್, ಫ್ರೀಡೆರಿಕೆ ಮೆಂಗೆಲ್, ಕ್ರಿಸ್ಟೋಫ್ ಸೀಮ್ರೋತ್ ಎಂಬ ಅರ್ಥಶಾಸ್ತ್ರಜ್ಞರು ಏಷ್ಯಾದ ದೊಡ್ಡ ಐ.ಟಿ. ಸೇವಾ ಕಂಪನಿಯೊಂದರ 10,000ಕ್ಕೂ ಹೆಚ್ಚು ನೌಕರರ ದಾಖಲೆ ನೋಡಿ ಕಂಡುಕೊಂಡದ್ದೂ ಇದನ್ನೇ. ದುಡಿದ ಗಂಟೆಗಳು ಏರಿದ್ದವು, ಮುಗಿದ ಕೆಲಸ ತುಸು ಇಳಿದಿತ್ತು. ಉತ್ಪಾದಕತೆ ಶೇ 8ರಿಂದ 19ರಷ್ಟು ಕುಗ್ಗಿತ್ತು. ಮೀಟಿಂಗ್ ಹೆಚ್ಚಾಗಿ, ಅಡ್ಡಿಯಿಲ್ಲದೆ ಕೂತು ದುಡಿಯುವ ಹೊತ್ತು ಕರಗಿತ್ತು. ಮನೆಯಲ್ಲಿ ಮಕ್ಕಳಿದ್ದವರಿಗೆ ಪೆಟ್ಟು ಇನ್ನೂ ಜೋರು.

ಇದಕ್ಕೆ ಮನೆಯನ್ನಷ್ಟೇ ದೂರುವುದು ತಪ್ಪು. 2020ರಲ್ಲಿ ಪಾಲ್ ರಾಲ್ಫ್ ಮತ್ತು ಸಂಗಡಿಗರು 53 ದೇಶಗಳ 2,225 ಡೆವಲಪರ್‌ಗಳನ್ನು ವಿಚಾರಿಸಿದಾಗ, ಮನಸ್ಸಿನ ನೆಮ್ಮದಿ ಮತ್ತು ಉತ್ಪಾದಕತೆ ಎರಡೂ ಜೊತೆಯಲ್ಲೇ ಕುಸಿದದ್ದು ಕಂಡಿತು. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರೆ ಎದೆ ಧಸಕ್ಕೆನ್ನುತ್ತಿದ್ದ ದಿನಗಳವು. ಆ ಕಾಲದ ಅಂಕಿಗಳನ್ನು ಮುಂದಿಟ್ಟು ಮನೆಯೋ ಆಫೀಸೋ ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ನನಗೆ ಇಂದಿಗೂ ನೋವಾಗುವುದು ನಮ್ಮ ತಂಡಕ್ಕೆ ಆಗ ಸೇರಿದ ದಾವಣಗೆರೆಯ ಹುಡುಗನನ್ನು ನೆನೆದಾಗ. ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಹೋಗಿತ್ತು. ಆರು ತಿಂಗಳು ನಾವು ಅವನ ಮುಖ ನೋಡಿರಲಿಲ್ಲ. ಒಂದು ಸಣ್ಣ ಸೆಟ್ಟಿಂಗ್ ಗೊತ್ತಾಗದೆ ಎರಡು ದಿನ ಒದ್ದಾಡಿದ್ದ. ಯಾಕೆ ಕೇಳಲಿಲ್ಲ ಎಂದರೆ, "ನೀವು ಯಾವಾಗ್ಲೂ ಕಾಲ್‌ನಲ್ಲೇ ಇರ್ತೀರಲ್ಲ ಸರ್" ಅಂದ.

ಅವತ್ತಿನಿಂದ ಹನ್ನೊಂದರಿಂದ ಒಂದರವರೆಗೆ ಮೀಟಿಂಗ್ ಬೇಡವೆಂದೆವು. ಊಟವಾದ ಮೇಲೆ ಅರ್ಧ ಗಂಟೆ ಎಲ್ಲರೂ ಸುಮ್ಮನೆ ಕಾಲ್‌ನಲ್ಲಿರುವುದು, ಯಾರು ಏನು ಬೇಕಾದರೂ ಕೇಳುವುದು. ತಂಡ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಹಾಜರಿ ಎಣಿಸುವ ಮೊದಲು, ನಿಮ್ಮವರಿಗೆ ದಿನಕ್ಕೆ ಎರಡು ಗಂಟೆಯಾದರೂ ಯಾರೂ ಕರೆಯದ ಹೊತ್ತು ಸಿಗುತ್ತಿದೆಯೇ ಎಂದು ವಿಚಾರಿಸಿ.