ಎದೆಗೂಡಿನ ಕಾವಲುಗಾರರು

ಒಂದೇ ಸೂರಿನಡಿ ಐವರು ವಾಸಿಸುತ್ತಿರುವರೆನ್ನೋಣ. ಅವರಲ್ಲೊಬ್ಬನಿಗೆ ಶ್ವಾಸಕೋಶದ ಕ್ಷಯ. ಆತನು ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುಗಳು ಉಳಿದ ನಾಲ್ವರ ಉಸಿರಿನಲ್ಲಿಯೂ ಸೇರಬಹುದು. ಆದರೂ ನಾಲ್ವರೂ ಹಾಸಿಗೆ ಹಿಡಿಯುವುದು ಅಪರೂಪ. ಹಿಂದಿನವರು ಇದನ್ನು ಹಣೆಬರಹವೆಂದು ಕರೆದರು. ವಿಜ್ಞಾನಿಗಳು ಇದರ ಕಾರಣವನ್ನು ನಮ್ಮ ರಕ್ತದಲ್ಲಿ ಹುಡುಕಿದ್ದಾರೆ.

ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಸಾರಿದನು. ರೋಗಾಣುವಿಲ್ಲದೆ ಕ್ಷಯವಿಲ್ಲ, ನಿಜ. ಆದರೆ ರೋಗಾಣು ಹೊಕ್ಕ ಮೈಯೆಲ್ಲವೂ ರೋಗಕ್ಕೆ ತುತ್ತಾಗದು. ಜಗತ್ತಿನ ಜನರಲ್ಲಿ ಸುಮಾರು ಕಾಲುಭಾಗದವರಿಗೆ ಈ ಸೋಂಕು ತಗುಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರ ಪೈಕಿ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ತಲೆದೋರುತ್ತದೆ.

ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕಣಗಳಿವೆ. ಒಳಬಂದ ರೋಗಾಣುವನ್ನು ಅವು ನುಂಗುತ್ತವೆ. ಆದರೆ ಕ್ಷಯದ ರೋಗಾಣು ಬಲು ಕಪಟಿ. ನುಂಗಿದ ಕಣದಲ್ಲಿಯೇ ಜೀರ್ಣವಾಗದೆ ಅಡಗಿ ಕುಳಿತು ಅದು ವೃದ್ಧಿಯಾಗಬಲ್ಲುದು. ಇಂಥ ಶತ್ರುವನ್ನು ಗುರುತಿಸಿ ಎದುರಿಸಲು ಕಲಿತ ‘ಟಿ’ ಕಣಗಳು ಸಜ್ಜಾಗಿ ಬರುವುದಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಗತಿಯೇನು?

ಇಂಥ ಸಂದರ್ಭಕ್ಕೆ ಒದಗುವ ಪಡೆಗಳಲ್ಲಿ ಒಂದು, ‘ನ್ಯಾಚುರಲ್ ಕಿಲ್ಲರ್’ ಅಥವಾ ಸಹಜ ಹಂತಕ ಕಣಗಳದು. ಪೂರ್ವ ಪರಿಚಯವಿಲ್ಲದೆಯೇ ಕೆಟ್ಟ ಕಣಗಳನ್ನು ಕೊಲ್ಲುವ ಇವುಗಳನ್ನು 1975ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ರಾಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಕಂಡು ವಿವರಿಸಿದರು. ಆರೋಗ್ಯವಂತ ಕಣಗಳು ತಮ್ಮ ಮೇಲೆ ಗುರುತಿನ ಚೀಟಿಯನ್ನು ಧರಿಸಿರುತ್ತವೆ. ಅದು ಮಾಯವಾಗಿದ್ದರೆ, ಅಥವಾ ಸಂಕಟದ ಚಿಹ್ನೆಗಳು ಕಂಡರೆ, ಹಂತಕ ಕಣ ಆ ಕಣಕ್ಕೆ ತೂತು ಕೊರೆದು ಮಾರಕ ದ್ರವ್ಯವನ್ನು ಹೊಗಿಸುತ್ತದೆ. ಜೊತೆಗೆ ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸ್ರವಿಸಿ, ನಿಸ್ತೇಜವಾಗಿದ್ದ ಭಕ್ಷಕ ಕಣಗಳನ್ನು ಹುರಿದುಂಬಿಸುತ್ತದೆ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಣಗಳತ್ತ ಹೊಸದಾಗಿ ಗಮನ ಸೆಳೆಯಿತು. ಸೋಂಕಿದ್ದೂ ರೋಗವಿಲ್ಲದವರ ರಕ್ತದಲ್ಲಿ ಹಂತಕ ಕಣಗಳು ಹೆಚ್ಚಾಗಿದ್ದುವು. ರೋಗ ಬಲಿತವರಲ್ಲಿ ಕುಗ್ಗಿದ್ದುವು. ಚಿಕಿತ್ಸೆಯಿಂದ ಗುಣವಾದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಮರಳಿದುವು. ಇವು ಕುಗ್ಗಿದುದರಿಂದಲೇ ರೋಗ ಬಂದಿತೆಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಆದರೆ ಕಾವಲಿನ ಬಲಾಬಲವನ್ನು ರಕ್ತದಲ್ಲಿ ಅಳೆಯುವ ದಾರಿಯೊಂದು ತೋರಿತು.

ಈ ಕಾವಲಿನ ಬಲಕ್ಕೂ ನಮ್ಮ ಅಡಿಗೆಮನೆಗೂ ನಂಟಿದೆ. ಅರೆಹೊಟ್ಟೆಯ ಮೈಯಲ್ಲಿ ರೋಗನಿರೋಧ ಶಕ್ತಿ ಕುಂದುತ್ತದೆ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕ್ಷಯರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಮಾತ್ರೆಗಳನ್ನು ಕೊಡಲಾಯಿತು. ರೋಗಿಗೆ ಮಾತ್ರ ಆಹಾರ ಕೊಟ್ಟ ಮನೆಗಳಿಗೆ ಹೋಲಿಸಿದರೆ, ಇಂಥ ಮನೆಯವರಲ್ಲಿ ಹೊಸದಾಗಿ ಕ್ಷಯ ಕಾಣಿಸಿದುದು ಶೇಕಡ 39ರಷ್ಟು ಕಡಮೆ!

ಇಷ್ಟು ತಿಳಿದ ಮೇಲೂ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಟ್ಟು ಆತನ ಮನಸ್ಸನ್ನು ನೋಯಿಸುವುದೇಕೆ? ಕ್ಷಯ ಹರಡುವುದು ಗಾಳಿಯಿಂದ, ಪಾತ್ರೆಗಳಿಂದಲ್ಲ. ಕಿಟಕಿಗಳನ್ನು ತೆರೆದಿಡಿ, ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ವೈದ್ಯರು ಗೊತ್ತುಮಾಡಿದ ಅವಧಿ ಮುಗಿಯುವವರೆಗೆ ಔಷಧವನ್ನು ತಪ್ಪಿಸದಂತೆ ರೋಗಿಯನ್ನು ನೋಡಿಕೊಳ್ಳಿ. ಒಳಗಿನ ಕಾವಲುಗಾರರು ತಮ್ಮ ಕೆಲಸವನ್ನು ಮಾಡುತ್ತಿರುವರು. ಹೊರಗಿನ ಕಾವಲು ನಮ್ಮದು.