ಪ್ರೋಸೆಸ್ ಮೈನಿಂಗ್: ಅರ್ಜಿಗಳು ಸಾಗಿದ ದಾರಿಯನ್ನು ದಾಖಲೆಗಳಿಂದ ಓದುವ ವಿದ್ಯೆ ಮತ್ತು ಅದರ ಕಲಿಕೆ

ಸೇವೆಯೊಂದಕ್ಕೆ ಅರ್ಜಿ ಸಲ್ಲಿಸಿದ ನಾಗರಿಕರು ಕಚೇರಿಗೆ ಮತ್ತೆ ಬಂದಾಗ ಮುಖ್ಯವಾಗಿ ಎರಡು ಸಂಗತಿಗಳನ್ನು ತಿಳಿಯಬಯಸುತ್ತಾರೆ: ಅರ್ಜಿಯು ಪ್ರಸ್ತುತ ಯಾವ ಹಂತದಲ್ಲಿದೆ ಮತ್ತು ಅಲ್ಲಿ ಎಷ್ಟು ದಿನಗಳಿಂದ ಇದೆ. ಕಾಗದದ ಕಡತಗಳ ಕಾಲದಲ್ಲಿ ಇದಕ್ಕೆ ಉತ್ತರವು ಕಡತ ಚಲನವಲನ ವಹಿಯಲ್ಲಿ ದೊರೆಯುತ್ತಿತ್ತು, ವಹಿಯನ್ನು ಅಂದಂದೇ ಬರೆದಿದ್ದ ಪಕ್ಷದಲ್ಲಿ. ಗಣಕೀಕೃತ ವ್ಯವಸ್ಥೆಯಲ್ಲಿ ಅರ್ಜಿಯು ಒಂದು ಲಾಗಿನ್‌ನಿಂದ ಮತ್ತೊಂದಕ್ಕೆ ರವಾನೆಯಾದಾಗಲೆಲ್ಲ ದಿನಾಂಕ ಮತ್ತು ಸಮಯದೊಂದಿಗೆ ಒಂದು ಸಾಲು ದಾಖಲಾಗುತ್ತದೆ. ಒಂದು ಅರ್ಜಿಯ ಸ್ಥಿತಿ ತಿಳಿಯಲು ಇಷ್ಟು ಸಾಕು. ಆದರೆ ವರ್ಷವೊಂದರಲ್ಲಿ ಸ್ವೀಕೃತವಾದ ಸಾವಿರಾರು ಅರ್ಜಿಗಳು ಒಟ್ಟಾರೆ ಯಾವ ದಾರಿಯಲ್ಲಿ ಸಾಗಿದವು, ಎಲ್ಲಿ ನಿಂತವು, ಎಷ್ಟು ಅರ್ಜಿಗಳು ಹಿಂದಿರುಗಿ ಮತ್ತೆ ಬಂದವು ಎಂಬುದನ್ನು ಅದೇ ಸಾಲುಗಳಿಂದ ಹೊರತೆಗೆಯುವುದು ಪ್ರತ್ಯೇಕವಾದ ಒಂದು ವಿದ್ಯೆ. ಇದಕ್ಕೆ ಪ್ರೋಸೆಸ್ ಮೈನಿಂಗ್ ಎಂದು ಹೆಸರು. ಕನ್ನಡದಲ್ಲಿ ಕಾರ್ಯಪ್ರಕ್ರಿಯೆಯ ಶೋಧನೆ ಎನ್ನಬಹುದು.

ಈ ವಿದ್ಯೆಯು ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವಿಲ್ ಫಾನ್ ಡರ್ ಆಲ್ಸ್ಟ್ ಅವರು 1990ರ ದಶಕದ ಕೊನೆಯಲ್ಲಿ ಕೈಗೊಂಡ ಸಂಶೋಧನೆಯಿಂದ ಬೆಳೆದು ಬಂದಿರುತ್ತದೆ. ಪ್ರಾಮ್ ಎಂಬ ಉಚಿತ ತಂತ್ರಾಂಶದ ಮೊದಲ ಆವೃತ್ತಿಯು 2004ರಲ್ಲಿ ಹೊರಬಂದಿತು. ಈ ಕ್ಷೇತ್ರಕ್ಕಾಗಿ ಐಇಇಇ ಸಂಸ್ಥೆಯ ಕಾರ್ಯಪಡೆಯೊಂದು 2009ರಲ್ಲಿ ರಚನೆಯಾಯಿತು. ಇಂದು ದಾಖಲೆಯ ಕಡತವನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ ಕೆಲವೇ ಕ್ಷಣಗಳಲ್ಲಿ ನಕ್ಷೆಯು ಪರದೆಯ ಮೇಲೆ ಮೂಡುತ್ತದೆ. ಹಾಗಿದ್ದ ಮೇಲೆ ಕಲಿಯಬೇಕಾದದ್ದು ಏನು ಎಂಬ ಪ್ರಶ್ನೆ ಸಹಜ. ನಕ್ಷೆ ಬಿಡಿಸುವುದು ಯಂತ್ರದ ಕೆಲಸ. ಆ ನಕ್ಷೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ನಿರ್ಧರಿಸುವುದು ಮನುಷ್ಯರ ಕೆಲಸ. ಕಲಿಕೆಯ ಬಹುಪಾಲು ಎರಡನೆಯದಕ್ಕೇ ಸಂಬಂಧಿಸಿದೆ.

ದಿನವಹಿಯಿಂದ ಖಾತೆವಹಿಗೆ

ಈ ಕೆಲಸಕ್ಕೆ ಕನಿಷ್ಠ ಮೂರು ಅಂಕಣಗಳು ಬೇಕು: ಪ್ರಕರಣದ ಸಂಖ್ಯೆ, ನಡೆದ ಕಾರ್ಯದ ಹೆಸರು ಮತ್ತು ಅದು ನಡೆದ ಸಮಯ. ಲೆಕ್ಕಪತ್ರ ಬಲ್ಲವರಿಗೆ ಇದು ಹೊಸದೇನಲ್ಲ. ವ್ಯವಹಾರಗಳನ್ನು ನಡೆದ ಕ್ರಮದಲ್ಲಿ ದಿನವಹಿಯಲ್ಲಿ ಬರೆದು, ಅನಂತರ ಖಾತೆವಾರು ವಿಂಗಡಿಸಿ ಖಾತೆವಹಿಗೆ ಏರಿಸುವಂತೆಯೇ, ಇಲ್ಲಿ ಸಾಲುಗಳನ್ನು ಪ್ರಕರಣವಾರು ವಿಂಗಡಿಸಿ ಸಮಯಕ್ಕೆ ಅನುಗುಣವಾಗಿ ಜೋಡಿಸಲಾಗುತ್ತದೆ. ಯಾವ ಕಾರ್ಯದ ನಂತರ ಯಾವ ಕಾರ್ಯ ನಡೆಯಿತು ಎಂಬುದನ್ನು ಬಾಣದ ಗುರುತಿನಿಂದ ಸೇರಿಸಿದರೆ ನಕ್ಷೆ ಸಿದ್ಧವಾಗುತ್ತದೆ. ಗಣಕಯಂತ್ರವನ್ನು ಮುಟ್ಟುವ ಮೊದಲು ಕಾಗದ ಮತ್ತು ಪೆನ್ಸಿಲಿನಿಂದ ಇದನ್ನು ಒಮ್ಮೆ ಮಾಡುವುದು ಒಳ್ಳೆಯ ಆರಂಭ.

ಉದಾಹರಣೆಗೆ ಮೂರು ಅರ್ಜಿಗಳಿವೆ ಎಂದು ಭಾವಿಸೋಣ. ಮೊದಲನೆಯದು ಸ್ವೀಕಾರ, ಸ್ಥಳ ಪರಿಶೀಲನೆ, ಮಂಜೂರಾತಿ, ವಿತರಣೆ ಎಂಬ ಕ್ರಮದಲ್ಲಿ 6 ದಿನಗಳಲ್ಲಿ ಮುಗಿಯಿತು. ಎರಡನೆಯದು ಅದೇ ದಾರಿಯಲ್ಲಿ 8 ದಿನ ತೆಗೆದುಕೊಂಡಿತು. ಮೂರನೆಯದಕ್ಕೆ 4ನೇ ದಿನ ದಾಖಲೆಗಳ ಕೊರತೆಯಿದೆಯೆಂದು ಹಿಂಬರಹ ನೀಡಲಾಯಿತು. ಅರ್ಜಿದಾರರು 26 ದಿನಗಳ ನಂತರ ದಾಖಲೆ ತಂದು ಮತ್ತೆ ಸಲ್ಲಿಸಿದರು. ಅಲ್ಲಿಂದ 10 ದಿನಗಳಲ್ಲಿ ಪ್ರಮಾಣಪತ್ರ ದೊರೆಯಿತು. ಒಟ್ಟು 40 ದಿನ. ಮೂರರ ಸರಾಸರಿ 18 ದಿನ. ವಾಸ್ತವದಲ್ಲಿ 18 ದಿನ ಕಾದ ಅರ್ಜಿದಾರರು ಒಬ್ಬರೂ ಇಲ್ಲ. ಮಧ್ಯಾಂಕ ತೆಗೆದರೆ 8 ದಿನ. ಸರಾಸರಿಯನ್ನು ಮಾತ್ರ ಪ್ರಕಟಿಸುವ ವರದಿಗಳಲ್ಲಿ ಅಡಗಿರುವ ದೋಷವನ್ನು ಕಲಿಯುವವರು ಇಲ್ಲಿಯೇ ಗುರುತಿಸುತ್ತಾರೆ.

ಮುಖ್ಯವಾದ ಅಂಶವು ಮುಂದಿನದು. ಮರುಸಲ್ಲಿಕೆಗೆ ಹೊಸ ಸಂಖ್ಯೆ ನೀಡುವ ಪದ್ಧತಿ ಇದೆಯೆಂದು ಇಟ್ಟುಕೊಳ್ಳೋಣ. ಆಗ ದಾಖಲೆಯಲ್ಲಿ ಪ್ರಕರಣಗಳು ಮೂರಲ್ಲ, ನಾಲ್ಕು: 6, 8, 4 ಮತ್ತು 10 ದಿನಗಳವು. ಸರಾಸರಿ 7 ದಿನಕ್ಕೆ ಇಳಿಯುತ್ತದೆ. ಯಾವ ಕಡತವೂ ಒಂದು ಗಂಟೆಯಷ್ಟೂ ಬೇಗ ಸಾಗಿರುವುದಿಲ್ಲ. ಆದರೂ ವರದಿಯ ಪ್ರಕಾರ ಸೇವೆಯು ಎರಡೂವರೆ ಪಟ್ಟು ಸುಧಾರಿಸಿದಂತೆ ಕಾಣುತ್ತದೆ. ನಲವತ್ತು ದಿನ ಕಾದ ಅರ್ಜಿದಾರರು ಆ ವರದಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಪ್ರಕರಣ ಎಂದು ಯಾವುದನ್ನು ಎಣಿಸಬೇಕು ಎಂಬ ತೀರ್ಮಾನವನ್ನು ತಂತ್ರಾಂಶ ಮಾಡುವುದಿಲ್ಲ, ವಿಶ್ಲೇಷಣೆ ಮಾಡುವವರು ಮಾಡುತ್ತಾರೆ. ನಡುವಿನ 26 ದಿನಗಳು ಅರ್ಜಿದಾರರ ವಿಳಂಬವೋ, ಹಿಂಬರಹದಲ್ಲಿ ಯಾವ ದಾಖಲೆ ಬೇಕೆಂದು ಸ್ಪಷ್ಟವಾಗಿ ಬರೆಯದೇ ಇದ್ದುದರ ಫಲವೋ ಎಂಬುದು ಸಹ ದಾಖಲೆಯಿಂದ ತಿಳಿಯದು. ಅದನ್ನು ಅರ್ಜಿದಾರರನ್ನೂ ವಿಷಯ ನಿರ್ವಾಹಕರನ್ನೂ ಕೇಳಿಯೇ ತಿಳಿಯಬೇಕು.

ನೈಜ ದಾಖಲೆಗಳ ಮೇಲೆ ಅಭ್ಯಾಸ

ಕಲ್ಪಿತ ಉದಾಹರಣೆಗಳ ನಂತರ ನೈಜ ದಾಖಲೆಗಳ ಮೇಲೆ ಕೈಯಾಡಿಸಬೇಕು. ವ್ಯಕ್ತಿಗಳ ಹೆಸರುಗಳನ್ನು ತೆಗೆದುಹಾಕಿ, ಸಾರ್ವಜನಿಕ ಬಳಕೆಗೆ ಬಿಡುಗಡೆ ಮಾಡಿರುವ ಹಲವು ದಾಖಲೆಗಳು ನೆದರ್ಲೆಂಡ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯಗಳ ದತ್ತಾಂಶ ಭಂಡಾರದಲ್ಲಿ ಉಚಿತವಾಗಿ ಲಭ್ಯವಿವೆ. ಹೊಸಬರಿಗೆ ಅತ್ಯಂತ ಉಪಯುಕ್ತವಾದದ್ದು ಇಟಲಿಯ ಸ್ಥಳೀಯ ಪೊಲೀಸ್ ವ್ಯವಸ್ಥೆಯೊಂದರ ಸಂಚಾರ ದಂಡದ ದಾಖಲೆ. ಇದರಲ್ಲಿ 1,50,370 ಪ್ರಕರಣಗಳು, 5,61,470 ಸಾಲುಗಳು ಇವೆ. ಆದರೆ ಕಾರ್ಯಗಳ ಬಗೆಗಳು 11 ಮಾತ್ರ. ದಂಡ ವಿಧಿಸುವುದು, ನೋಟಿಸು ಕಳುಹಿಸುವುದು, ಅದು ತಲುಪಿದ್ದನ್ನು ನಮೂದಿಸುವುದು, ಹೆಚ್ಚುವರಿ ದಂಡ, ಪಾವತಿ, ಮೇಲ್ಮನವಿ, ಕೊನೆಗೆ ವಸೂಲಾತಿಗೆ ಒಪ್ಪಿಸುವುದು ಇತ್ಯಾದಿ. ನಮ್ಮಲ್ಲಿ ವಾಹನ ಓಡಿಸುವ ಯಾರಿಗಾದರೂ ವಿವರಣೆಯಿಲ್ಲದೆ ಅರ್ಥವಾಗುವ ವಿಷಯ.

ಸದರಿ ದಾಖಲೆಯಲ್ಲಿ 231 ಬೇರೆ ಬೇರೆ ದಾರಿಗಳು ಕಂಡುಬರುತ್ತವೆ. 56,482 ಪ್ರಕರಣಗಳಲ್ಲಿ ಹಣ ಪಾವತಿಯಾಗದೆ, ಹೆಚ್ಚುವರಿ ದಂಡ ಸೇರಿ, ವಸೂಲಾತಿಗೆ ಹೋಗಿದೆ. 46,371 ಪ್ರಕರಣಗಳಲ್ಲಿ ನೋಟಿಸು ಹೊರಡುವ ಮೊದಲೇ ಹಣ ಪಾವತಿಯಾಗಿ ಮುಗಿದಿದೆ. ಇವೆರಡೇ ದಾರಿಗಳು ಒಟ್ಟು ಪ್ರಕರಣಗಳ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು. ಕಲಿಯುವವರು ಹೆಚ್ಚು ಹೊತ್ತು ಕುಳಿತುಕೊಳ್ಳಬೇಕಾದದ್ದು ಮೂರನೆಯ ದಾರಿಯ ಮುಂದೆ: 20,385 ಪ್ರಕರಣಗಳಲ್ಲಿ ದಂಡ ವಿಧಿಸಲಾಗಿದೆ, ನೋಟಿಸು ಕಳುಹಿಸಲಾಗಿದೆ, ದಾಖಲೆ ಅಲ್ಲಿಗೇ ನಿಂತಿದೆ. ನೋಟಿಸು ತಲುಪಲಿಲ್ಲವೇ? ಪಾವತಿಯಾಗಿದ್ದರೂ ಬೇರೊಂದು ವಹಿಯಲ್ಲಿ ನಮೂದಾಯಿತೇ? ದಾಖಲೆಯ ಪ್ರತಿ ತೆಗೆದ ದಿನ ಪ್ರಕರಣ ಇನ್ನೂ ಚಾಲ್ತಿಯಲ್ಲಿತ್ತೇ? ಮುಗಿಯದ ಪ್ರಕರಣವನ್ನು ಮುಗಿದದ್ದೆಂದು ಎಣಿಸಿದರೆ ಅವಧಿ ಕಡಿಮೆಯಾಗಿ ಕಾಣುತ್ತದೆ. ಎಲ್ಲವನ್ನೂ ಬಿಟ್ಟುಬಿಟ್ಟರೆ ದಾಖಲೆಯ ಸುಮಾರು ಏಳನೆಯ ಒಂದು ಪಾಲು ಕೈಬಿಟ್ಟಂತಾಗುತ್ತದೆ. ಎರಡರಲ್ಲಿ ಯಾವುದನ್ನು ಮಾಡಿದರೂ ಅದನ್ನು ವರದಿಯಲ್ಲಿ ಕಾರಣಸಹಿತ ಬರೆಯುವ ಶಿಸ್ತು ಈ ಅಭ್ಯಾಸದಿಂದ ಬರುತ್ತದೆ.

ಇದಕ್ಕಿಂತ ಕಠಿಣವಾದದ್ದು ನೆದರ್ಲೆಂಡ್ಸ್‌ನ ಐದು ಪುರಸಭೆಗಳ ಕಟ್ಟಡ ಪರವಾನಗಿ ಅರ್ಜಿಗಳ ದಾಖಲೆ. ಸುಮಾರು ನಾಲ್ಕು ವರ್ಷಗಳ 5,649 ಅರ್ಜಿಗಳನ್ನೊಳಗೊಂಡ ಇದನ್ನು 2015ರಲ್ಲಿ ಬಿಡುಗಡೆ ಮಾಡಲಾಯಿತು. ಇದರ ಪೈಕಿ ಮೊದಲನೆಯ ಪುರಸಭೆಯ ದಾಖಲೆಯಲ್ಲಿಯೇ 398 ಬಗೆಯ ಕಾರ್ಯಗಳಿವೆ. ಎಲ್ಲವನ್ನೂ ಒಮ್ಮೆಲೇ ನಕ್ಷೆಗೆ ತಂದರೆ ಪರದೆಯ ಮೇಲೆ ಕಾಣುವುದು ಸಿಕ್ಕುಗಟ್ಟಿದ ನೂಲಿನುಂಡೆ. ಒಂದೇ ಬಗೆಯ ಪರವಾನಗಿಯನ್ನು ಐದು ಕಚೇರಿಗಳು ಐದು ರೀತಿಯಲ್ಲಿ ನಿರ್ವಹಿಸಿರುವಾಗ ವ್ಯತ್ಯಾಸ ಎಲ್ಲಿದೆ, ಅದರಿಂದ ಅವಧಿಯ ಮೇಲೆ ಏನು ಪರಿಣಾಮ ಎಂಬುದು ಇಲ್ಲಿ ಕೇಳಲಾದ ಪ್ರಶ್ನೆಗಳಲ್ಲೊಂದು. ಪ್ರಶ್ನೆಯನ್ನು ಮೊದಲು ಇಟ್ಟುಕೊಂಡು, ಅದಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಪ್ರತ್ಯೇಕಿಸಿ ನೋಡುವ ಅಭ್ಯಾಸವಿಲ್ಲದವರು ಈ ದಾಖಲೆಯಲ್ಲಿ ದಾರಿ ತಪ್ಪುತ್ತಾರೆ.

ಸಮಯದ ನಮೂದಿನ ಬಗ್ಗೆಯೂ ಎಚ್ಚರಿಕೆ ಅಗತ್ಯ. ದಿನಾಂಕವಿದ್ದು ಗಂಟೆಯಿಲ್ಲದಿದ್ದರೆ ಒಂದೇ ದಿನ ನಡೆದ ಎರಡು ಕಾರ್ಯಗಳಲ್ಲಿ ಯಾವುದು ಮೊದಲು ಎಂದು ಹೇಳಲಾಗುವುದಿಲ್ಲ, ಆದರೂ ನಕ್ಷೆಯು ಯಾವುದೋ ಒಂದು ಬಾಣವನ್ನು ಎಳೆದೇ ತೀರುತ್ತದೆ. ದಿನವಿಡೀ ಸ್ಥಳ ಪರಿಶೀಲನೆ ನಡೆಸಿದ ಸಿಬ್ಬಂದಿಯು ಸಂಜೆ ಕಚೇರಿಗೆ ಬಂದು ಎಲ್ಲ ಕಡತಗಳನ್ನು ಒಟ್ಟಿಗೆ ನಮೂದಿಸಿದರೆ, ಇಪ್ಪತ್ತು ಪರಿಶೀಲನೆಗಳು ಹತ್ತು ನಿಮಿಷಗಳಲ್ಲಿ ಮುಗಿದಂತೆ ಕಾಣುತ್ತದೆ. ಕಚೇರಿಯ ಕೆಲಸ ಅರಿಯದವರು ಇದನ್ನು ಕಂಡು ಆ ಸಿಬ್ಬಂದಿಯು ಪರಿಶೀಲನೆಯನ್ನೇ ಮಾಡಿಲ್ಲವೆಂದು ಷರಾ ಬರೆಯುವ ಸಂಭವವಿದೆ. ನೌಕರರೊಬ್ಬರ ಸೇವಾ ದಾಖಲೆಗೆ ಸಂಬಂಧಿಸಿದ ವಿಷಯವಾದ್ದರಿಂದ ಇದು ಸಣ್ಣ ತಪ್ಪಲ್ಲ. ಪ್ರತಿಯಾಗಿ, ನಿಗದಿತ ಗಡುವಿನ ಹಿಂದಿನ ದಿನವೇ ಹಿಂಬರಹಗಳು ಗುಂಪುಗುಂಪಾಗಿ ಹೊರಟಿರುವುದು ಕಂಡುಬಂದರೆ, ಅದು ವಿಲೇವಾರಿಯೋ ಗಡುವನ್ನು ತಪ್ಪಿಸಿಕೊಳ್ಳುವ ಉಪಾಯವೋ ಎಂದು ಕೇಳಬೇಕಾಗುತ್ತದೆ.

ಅಭ್ಯಾಸಿಗಳ ಕೂಟಗಳು

ಇಂತಹ ಸೂಕ್ಷ್ಮಗಳು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ, ಅದೇ ಕೆಲಸ ಮಾಡಿ ಅನುಭವವಿರುವವರ ಮಾತಿನಿಂದ ತಿಳಿಯುತ್ತವೆ. ಐಂಡ್‌ಹೋವನ್ ನಗರದಲ್ಲಿ 2012ರಲ್ಲಿ ಪ್ರೋಸೆಸ್ ಮೈನಿಂಗ್ ಕ್ಯಾಂಪ್ ಎಂಬ ಕೂಟವು ಮೊದಲ ಬಾರಿಗೆ ನಡೆಯಿತು. ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಸಂಶೋಧನೆ ಮಾಡಿದ್ದ ಇಬ್ಬರು 2009ರಲ್ಲಿ ಸ್ಥಾಪಿಸಿದ ಫ್ಲಕ್ಸಿಕಾನ್ ಸಂಸ್ಥೆಯು ಇದರ ಆಯೋಜಕರು. ಇದು ಸಂಶೋಧನಾ ಪ್ರಬಂಧಗಳ ಸಮ್ಮೇಳನವಾಗಿರದೆ, ತಮ್ಮ ತಮ್ಮ ಸಂಸ್ಥೆಗಳಲ್ಲಿ ಈ ಕೆಲಸ ಮಾಡುವವರು ಪರಸ್ಪರ ಅನುಭವ ಹೇಳಿಕೊಳ್ಳುವ ವೇದಿಕೆಯಾಗಿ ರೂಪುಗೊಂಡಿತು. 2020ರಲ್ಲಿ ಕೋವಿಡ್ ಕಾರಣದಿಂದ ಅಂತರ್ಜಾಲದ ಮೂಲಕ ನಡೆಯಿತು. ಸಂಶೋಧಕರಿಗಾಗಿ ಪ್ರತ್ಯೇಕ ಅಂತರರಾಷ್ಟ್ರೀಯ ಸಮ್ಮೇಳನವು 2019ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಆರಂಭವಾಗಿ, 2023ರಲ್ಲಿ ರೋಮ್‌ನಲ್ಲಿ, 2024ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆಯಿತು.

ಕಲಿಯುವವರ ದೃಷ್ಟಿಯಿಂದ ಇವೆಲ್ಲಕ್ಕಿಂತ ಲಾಭದಾಯಕವಾದದ್ದು 2011ರಲ್ಲಿ ಆರಂಭಗೊಂಡ ಬಿಪಿಐ ಚಾಲೆಂಜ್ ಎಂಬ ಸ್ಪರ್ಧೆ ಎನ್ನಬಹುದು. ನೈಜ ಸಂಸ್ಥೆಯೊಂದರ ದಾಖಲೆಯನ್ನು ಅದರ ಪ್ರಶ್ನೆಗಳ ಸಮೇತ ಪ್ರಕಟಿಸಿ, ಯಾರು ಬೇಕಾದರೂ ವಿಶ್ಲೇಷಣೆ ಮಾಡಿ ವರದಿ ಸಲ್ಲಿಸಲು ಆಹ್ವಾನಿಸಲಾಗುತ್ತಿತ್ತು. ಮೊದಲ ವರ್ಷ ಆಸ್ಪತ್ರೆಯೊಂದರ ದಾಖಲೆ; 2012 ಮತ್ತು 2017ರಲ್ಲಿ ಸಾಲದ ಅರ್ಜಿಗಳು; ಮೇಲೆ ಹೇಳಿದ ಐದು ಪುರಸಭೆಗಳ ದಾಖಲೆಯೂ ಇದರ ಭಾಗವೇ. 2018ರಲ್ಲಿ ಜರ್ಮನಿಯ ರೈತರು ಐರೋಪ್ಯ ಒಕ್ಕೂಟದ ನೇರ ಸಹಾಯಧನಕ್ಕಾಗಿ ಸಲ್ಲಿಸಿದ 43,809 ಅರ್ಜಿಗಳ ದಾಖಲೆಯನ್ನು ನೀಡಲಾಯಿತು. ಅದರಲ್ಲಿ ಸಂಬಂಧಪಟ್ಟ ಸಂಸ್ಥೆಯು ಕೇಳಿದ್ದು ಕೃಷಿ ಸಹಾಯಧನದ ಯಾವುದೇ ಕಚೇರಿಗೂ ಅನ್ವಯಿಸುವಂತಹದು: ಯಾವ ಅರ್ಜಿಗಳ ಹಣ ತಡವಾಗಬಹುದು, ಯಾವುದನ್ನು ಮಂಜೂರಾತಿಯ ನಂತರ ಮತ್ತೆ ತೆರೆಯಬೇಕಾಗಬಹುದು ಎಂಬುದನ್ನು ಮುಂಚಿತವಾಗಿಯೇ ಗುರುತಿಸಲು ಸಾಧ್ಯವೇ? ಸಲ್ಲಿಕೆಯಾದ ವರದಿಗಳು ಪ್ರಕಟವಾಗಿವೆ. ಮೊದಲು ದಾಖಲೆಯನ್ನು ಸ್ವತಃ ವಿಶ್ಲೇಷಿಸಿ, ಅನಂತರ ಅದೇ ದಾಖಲೆಯ ಮೇಲೆ ಬೇರೆಯವರು ಬರೆದ ಎರಡು ಮೂರು ವರದಿಗಳನ್ನು ಓದಿದಲ್ಲಿ, ತಾವು ಕಾಣದೇ ಬಿಟ್ಟದ್ದು ಏನೆಂದು ತಿಳಿಯುತ್ತದೆ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಉತ್ತರ ನೋಡಿ ಲೆಕ್ಕ ಮಾಡಿದಂತಾಗುತ್ತದೆ.

ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ಅಧಿಸೂಚಿತ ಸೇವೆಯ ಅರ್ಜಿಗೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಈ ವ್ಯವಸ್ಥೆಯು 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ಪ್ರೋಸೆಸ್ ಮೈನಿಂಗ್ ಬೇಡುವ ಪ್ರಕರಣದ ಸಂಖ್ಯೆಯು ಇಂತಹದೇ ಆಗಿರುತ್ತದೆ. ಆದಕಾರಣ ಹಿಂಬರಹ ಪಡೆದ ಅರ್ಜಿದಾರರು ಹೊಸ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ ಹಳೆಯ ಸ್ವೀಕೃತಿಯನ್ನು ಎಸೆಯದೆ ಇಟ್ಟುಕೊಳ್ಳುವುದು ಮತ್ತು ಮನವಿಯಲ್ಲಿ ಅದರ ಸಂಖ್ಯೆಯನ್ನೂ ಕಾಣಿಸುವುದು ಸೂಕ್ತ. ಎರಡು ಸಂಖ್ಯೆಗಳು ಒಬ್ಬರದೇ ನಿರೀಕ್ಷೆಯ ಎರಡು ಭಾಗಗಳೆಂದು ತೋರಿಸಲು ಬೇರೆ ಆಧಾರ ಇಲ್ಲದಿರಬಹುದು. ಅರ್ಜಿಗಳ ದಾಖಲೆಯನ್ನು ಕಲಿಕೆಗೆ ಬಳಸುವವರು ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮೊದಲೇ ತೆಗೆದುಹಾಕತಕ್ಕದ್ದು. ಡಿಜಿಟಲ್ ವೈಯಕ್ತಿಕ ದತ್ತಾಂಶದ ಸಂರಕ್ಷಣೆಗೆ 2023ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಅಂಗೀಕರಿಸಿದೆ.

ಈ ವಿದ್ಯೆಯನ್ನು ಕಲಿಯಲು ಗಣಕ ವಿಜ್ಞಾನದ ಪದವಿ ಅನಿವಾರ್ಯವಲ್ಲ. ಕೋಷ್ಟಕದ ತಂತ್ರಾಂಶದಲ್ಲಿ ಸಾಲುಗಳನ್ನು ವಿಂಗಡಿಸಿ, ಎರಡು ದಿನಾಂಕಗಳ ಅಂತರ ತೆಗೆಯಬಲ್ಲ ವಾಣಿಜ್ಯ ಅಥವಾ ಕಲಾ ಪದವೀಧರರೂ ಆರಂಭಿಸಬಹುದು. ಫಾನ್ ಡರ್ ಆಲ್ಸ್ಟ್ ಅವರ ಪಾಠಗಳು ಕೋರ್ಸೆರಾ ತಾಣದಲ್ಲಿ 2014ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ನಡೆದವು. ಅದು ಆರು ವಾರಗಳ ಪಠ್ಯಕ್ರಮ, ಬೋಧನೆ ಇಂಗ್ಲಿಷಿನಲ್ಲಿ. ಪ್ರೋಗ್ರಾಮಿಂಗ್ ಬಲ್ಲವರಿಗೆ ಪೈಥಾನ್ ಭಾಷೆಯಲ್ಲಿ ಪಿಎಂ4ಪೈ ಎಂಬ ಮುಕ್ತ ತಂತ್ರಾಂಶವಿದೆ, ಉಳಿದವರಿಗೆ ಪ್ರಾಮ್ ಸಾಕು. ಎರಡಕ್ಕೂ ಶುಲ್ಕವಿಲ್ಲ. ಮೊದಲ ಅಭ್ಯಾಸಕ್ಕೆ ಸಂಚಾರ ದಂಡದ ದಾಖಲೆಯನ್ನು ತೆಗೆದುಕೊಂಡು, ಅರ್ಧಕ್ಕೆ ನಿಂತ ಆ 20,385 ಪ್ರಕರಣಗಳಿಂದಲೇ ಆರಂಭಿಸಬಹುದು.