ರಾಮ ‘ರಾಮಲು’ ಆದ ಬಗೆ: ಫ್ಯಾಂಟಮ್‌ನ ಹಳೆಯ ಸಂಚಿಕೆಯ ಮರುಓದು

ತಂದೆಯನ್ನು ಮೋಸದಿಂದ ಕೊಂದ ಕಡಲ್ಗಳ್ಳನನ್ನು ಹುಡುಕಿಕೊಂಡು ಮಗ ಹೊರಡುತ್ತಾನೆ. ನಮ್ಮ ಚಿತ್ರರಂಗದ ಕೈಗೆ ಸಿಕ್ಕಿದ್ದರೆ ಇಂಥ ಕಥೆಗೆ ರಕ್ತ, ಸೇಡು, ಶಪಥ ಎಂಬ ಮೂರು ಪದಗಳಲ್ಲಿ ಒಂದಾದರೂ ಇರುವ ಶೀರ್ಷಿಕೆ ಖಚಿತವಾಗಿತ್ತು. ಆದರೆ 1964ರ ಮಾರ್ಚ್‌ನಲ್ಲಿ ಬೆನೆಟ್, ಕೋಲ್ಮನ್ ಸಂಸ್ಥೆ ಹೊರತಂದ ಇಂದ್ರಜಾಲ ಕಾಮಿಕ್ಸ್‌ನ ಮೊತ್ತಮೊದಲ ಸಂಚಿಕೆಯ ಹೆಸರು ‘ದಿ ಫ್ಯಾಂಟಮ್ಸ್ ಬೆಲ್ಟ್’. ಕೊಲೆಗಾರ ತಂದೆಯ ಪ್ರಾಣದೊಂದಿಗೆ ಸೊಂಟಪಟ್ಟಿಯನ್ನೂ ಒಯ್ದಿದ್ದ. ಶೀರ್ಷಿಕೆಯ ಗೌರವ ದಕ್ಕಿದ್ದು ಸೊಂಟಪಟ್ಟಿಗೆ.

ಫ್ಯಾಂಟಮ್‌ನನ್ನು ಸೃಷ್ಟಿಸಿದವರು ಅಮೆರಿಕದ ಲೀ ಫಾಕ್. 1936ರ ಫೆಬ್ರವರಿಯಲ್ಲಿ, ಅಂದರೆ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲೇ, ಆತ ಪತ್ರಿಕೆಗಳಲ್ಲಿ ಕಾಣಿಸಿಕೊಂಡ. ಹಾರಲಾರ, ಗೋಡೆ ಏರಲಾರ. ಆತನ ಬಲವೆಲ್ಲ ಒಂದು ವದಂತಿ. 1536ರಿಂದ ತಂದೆಯ ವೇಷವನ್ನು ಮಗ ತೊಡುತ್ತ ಬಂದಿರುವುದು ತಿಳಿಯದ ಜನ ಅವನಿಗೆ ಸಾವೇ ಇಲ್ಲವೆಂದು ನಂಬಿದ್ದಾರೆ. ಬೆಲ್ಟಿಗಾಗಿ ಹೊರಟವನು 21ನೆಯವನು. ವೇಷಕ್ಕೆ ಫಾಕ್ ಎಣಿಸಿದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟಗಳು ಆರಂಭವಾದಾಗ ಅದು ನೇರಳೆಯಾಯಿತು. ಕಾಡಿನಲ್ಲಿ ಮರೆಯಾಗಿರಬೇಕಾದವನು ಮಾಗಿದ ಬದನೆಕಾಯಿಯಂತೆ ಎದ್ದುಕಾಣತೊಡಗಿದ. ಆ ಸೆಕೆಯಲ್ಲಿ ತಲೆಯಿಂದ ಕಾಲಿನವರೆಗೆ ಬಿಗಿಯುಡುಪು, ಅದರ ಮೇಲೆ ಪಟ್ಟೆಪಟ್ಟೆಯ ಚಡ್ಡಿ. ನೂರಾರು ವರ್ಷಗಳಲ್ಲಿ ಯಾವ ಫ್ಯಾಂಟಮ್‌ಗೂ ಬೆವರುಸಾಲೆ ಬಾರದಿರುವುದೇ ನಿಜವಾದ ಪವಾಡ.

ಮೊದಲ ಸಂಚಿಕೆಯಲ್ಲಿ ಇಂದಿಗೂ ನಗು ತರಿಸುವುದು ಕಥೆಗಿಂತ ಹೆಚ್ಚಾಗಿ ಸಂಪಾದಕರ ಕತ್ತರಿ. ಫಾಕ್ ಬರೆದ ಮೂಲದಲ್ಲಿ ಕೊಲೆಗಾರನ ಹೆಸರು ರಾಮ. ಕಡಲ್ಗಳ್ಳರ ಕುಲ ‘ಸಿಂಗ್’ ಸೋದರರದು. ಫ್ಯಾಂಟಮ್‌ನ ನಾಡು ಬೆಂಗಾಲಾ. ಭಾರತದಲ್ಲಿ ಮೂರೂ ಅಚ್ಚಾಗುವಂತಿರಲಿಲ್ಲ. ಬೆನ್ನಹಿಂದೆ ಚೂರಿ ಹಿಡಿದ ರಾಮನನ್ನು ಯಾವ ಮನೆಯ ಮಕ್ಕಳ ಕೈಗೆ ಕೊಡುವುದು? ಹಾಗಾಗಿ ರಾಮ ‘ರಾಮಲು’ ಆದ, ಸಿಂಗ್ ‘ಸಿಂಗಾ’ ಆಯಿತು, ಬೆಂಗಾಲಾ ‘ಡೆಂಕಾಲಿ’ಯಾಯಿತು.

ಉತ್ತರದವರ ಮನಸ್ಸು ನೋಯದಂತೆ ಮಾಡಿದ ಈ ತಿದ್ದುಪಡಿಗಳನ್ನು ಕನ್ನಡದ ಕಿವಿಯಿಂದ ಕೇಳಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಸಿಂಗ ಎಂದರೆ ಕನ್ನಡದಲ್ಲಿಯೂ ಸಿಂಹವೇ. ಡೆಂಕಾಲಿ ಎಂದೊಡನೆ ದಕ್ಷಿಣ ದಿಕ್ಕನ್ನು ಹೇಳುವ ನಮ್ಮ ‘ತೆಂಕಣ’ ನೆನಪಾಗುತ್ತದೆ. ಇನ್ನು ರಾಮಲು! ಆಂಧ್ರ ಮತ್ತು ತೆಲಂಗಾಣಗಳಿಗೆ ಹೊಂದಿಕೊಂಡ ರಾಯಚೂರು ಜಿಲ್ಲೆಯಲ್ಲಿ, ದೇವದುರ್ಗ ತಾಲ್ಲೂಕಿನ ಗೂಗಲ್‌ನಿಂದ (ಅಂತರ್ಜಾಲದ್ದಲ್ಲ, ಕೃಷ್ಣಾ ತೀರದ್ದು) ಮಾನ್ವಿಯವರೆಗೆ ಯಾವ ಸಂತೆಯಲ್ಲಿ ನಿಂತು ‘ರಾಮುಲೂ’ ಎಂದು ಕೂಗಿದರೂ ನಾಲ್ವರು ತಿರುಗಿ ನೋಡಿಯಾರು. ಒಂದೇ ‘ಲು’ ಸೇರಿಸಿ ಖಳನನ್ನು ವಿಂಧ್ಯದ ಈಚೆಗೆ ದಾಟಿಸಿಬಿಟ್ಟರು. ಉದ್ದೇಶಪೂರ್ವಕವಾಗಿ ಅಲ್ಲದಿರಬಹುದು. ಆದರೂ ರಾಮನ ಮೇಲಿನ ಅಪವಾದ ರಾಮುಲುವಿನ ಹೆಗಲೇರಿದ್ದು ಯಾರಿಗೂ ಅಡ್ಡಿಯೆನಿಸಲಿಲ್ಲ.

ಕತ್ತರಿ ಮುಟ್ಟದೆ ಬಿಟ್ಟದ್ದು ಇದಕ್ಕಿಂತ ದೊಡ್ಡದು. ಒಂದೇ ಬಿಳಿಯ ವಂಶ ನಾಲ್ಕು ಶತಮಾನ ಕಪ್ಪುಜನರ ಕಾಡನ್ನು ಕಾಯುತ್ತದೆ, ತೀರ್ಪು ಹೇಳುತ್ತದೆ, ತಲೆಬುರುಡೆಯಾಕಾರದ ಸಿಂಹಾಸನದ ಮೇಲೆ ಕೂರುತ್ತದೆ. ಸುತ್ತ ಕಾವಲಿರುವ ಕುಬ್ಜರಿಗೆ ಫಾಕ್ ಇಟ್ಟ ಹೆಸರು ‘ಬಂದರ್’. ಕನ್ನಡಿಗನಿಗೆ ಅದು ಮಂಗಳೂರಿನ ಹಡಗುಕಟ್ಟೆಯನ್ನು ನೆನಪಿಸಬಹುದು. ಹಿಂದಿಯಲ್ಲಿ ಅದರ ಅರ್ಥ ಮಂಗ. ಬ್ರಿಟಿಷರು ತೆರಳಿ ಹದಿನೇಳು ವರ್ಷವಷ್ಟೇ ಆಗಿದ್ದ ದೇಶದಲ್ಲಿ ಇದನ್ನು ಯಾರೂ ಅವಮಾನವೆಂದು ಎಣಿಸಲಿಲ್ಲ. ಮಕ್ಕಳು ಸಾಲು ನಿಂತು ಕೊಂಡರು, ಬಾಡಿಗೆಗೆ ತಂದರು, ಪಠ್ಯಪುಸ್ತಕದ ನಡುವೆ ಅಡಗಿಸಿ ಓದಿದರು. ಹೆಸರಿನ ಬಗ್ಗೆ ಇದ್ದ ಸೂಕ್ಷ್ಮತೆ ಮೈಬಣ್ಣದ ಬಗ್ಗೆ ಇರಲಿಲ್ಲ ಎನ್ನದೆ ವಿಧಿಯಿಲ್ಲ.

ಆ ಓದುಗರನ್ನು ದೂರುವುದೂ ತರವಲ್ಲ. ಬಿ. ಗೋವಿಂದ್ ಅವರ ಕುಂಚದಿಂದ ಬಂದ ಆರಂಭಕಾಲದ ಮುಖಪುಟಗಳು ಒಳಗಿನ ಚಿತ್ರಗಳಿಗಿಂತ ಎಷ್ಟೋ ಮೇಲಾಗಿದ್ದವು. ಬೆಲ್ಟಿನ ಕಥೆಗೆ ಚಿತ್ರ ಬರೆದ ವಿಲ್ಸನ್ ಮೆಕಾಯ್ ಅವರ ಫ್ಯಾಂಟಮ್ ಮರದ ಗೊಂಬೆಯಂತೆ ನಿಂತರೆ, ಗೋವಿಂದ್ ಅವರ ಫ್ಯಾಂಟಮ್ ಪುಟದಿಂದ ಹೊರಕ್ಕೆ ನೆಗೆಯುತ್ತಿದ್ದ. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದ ಮಾಲಿಕೆಗೆ ದೇಶೀ ನಾಯಕನೊಬ್ಬ ದೊರೆತದ್ದು 1976ರಲ್ಲಿ, ಆಬಿದ್ ಸುರತಿ ಅವರ ‘ಬಹಾದ್ದೂರ್’ ರೂಪದಲ್ಲಿ. ಜೀನ್ಸ್ ಪ್ಯಾಂಟಿನ ಮೇಲೆ ಕೇಸರಿ ಕುರ್ತಾ ತೊಟ್ಟ ಆತ ಚಡ್ಡಿಯನ್ನು ಒಳಗೇ ಹಾಕಿಕೊಂಡಿದ್ದನೆಂಬುದು ಗಮನಾರ್ಹ. ಎಂಟುನೂರಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡ ಇಂದ್ರಜಾಲ 1990ರಲ್ಲಿ ನಿಂತಿತು.

ಹೆಸರಿನ ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. 1996ರಲ್ಲಿ ಹಾಲಿವುಡ್ ತೆಗೆದ ‘ದಿ ಫ್ಯಾಂಟಮ್’ ಚಿತ್ರದಲ್ಲಿಯೂ ತಂದೆಯ ಕೊಲೆಗಾರ ಅದೇ ಬೆಲ್ಟನ್ನು ಕಟ್ಟಿಕೊಂಡು ತಿರುಗುತ್ತಾನೆ. ಅಲ್ಲಿ ಕಡಲ್ಗಳ್ಳರ ‘ಸಿಂಗ್’ ಕುಲ ‘ಸೆಂಘ್’ ಆಗಿತ್ತು. ಕೊಲೆಗಾರ ರಾಮನೂ ಅಲ್ಲ, ರಾಮಲುವೂ ಅಲ್ಲ. ಅವನೊಬ್ಬ ಬಿಳಿಯ, ಹೆಸರು ಕ್ವಿಲ್.